ಮಾಸ್ತರು ಹ್ಯಾಂಗೋ ಪಾಠ ಹಾಂಗ

ಪೈಥಾಗೊರಸನ ಪ್ರಮೇಯವನ್ನು ನಾವು ಎರಡು ಸಲ ಕಲಿತವರು. ಒಂಬತ್ತನೆಯ ಇಯತ್ತೆಯಲ್ಲಿ ಒಬ್ಬರ ಕೈಯಲ್ಲಿ, ಹತ್ತನೆಯದರಲ್ಲಿ ಇನ್ನೊಬ್ಬರ ಕೈಯಲ್ಲಿ. ಲಂಬಕೋನ ತ್ರಿಭುಜ ಅದೇ, ವಿಕರ್ಣದ ಮೇಲಿನ ವರ್ಗವೂ ಅದೇ. ಆದರೆ ಇವತ್ತಿಗೂ ನಮ್ಮ ಬ್ಯಾಚಿನ ಯಾರ ಮುಂದಾದರೂ ಆ ಹೆಸರು ತೆಗೆದು ನೋಡಿ, ಮರುಪ್ರಶ್ನೆ ಬರುತ್ತದೆ: “ಯಾರ ಪೈಥಾಗೊರಸ? ಫೂಟಪಟ್ಟಿ ಸರ್ರದೋ, ಖಡು ಸರ್ರದೋ?”

ಈ ಹೆಸರುಗಳನ್ನು ಇಟ್ಟವರು ನಾವಲ್ಲ. ಶಾಲೆಯಲ್ಲಿ ಅಡ್ಡಹೆಸರುಗಳು ಬೆಂಚಿನ ಜೊತೆಗೇ ವಾರಸಾ ಬರುತ್ತವೆ. ನಮಗಿಂತ ಹಿಂದಿನವರು ಕೊಟ್ಟದ್ದನ್ನು ನಾವು ಜೋಪಾನ ಮಾಡಿ ಮುಂದಿನವರಿಗೆ ದಾಟಿಸಿದೆವು, ಅಷ್ಟೇ.

ಗದಗು ಆಗ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು. ನಾನು ಹೇಳುತ್ತಿರುವುದು 1977ರಿಂದ 1980ರವರೆಗಿನ ಮಾತು. ಹುಬ್ಬಳ್ಳಿ, ಗುಂತಕಲ್ಲು, ಸೊಲ್ಲಾಪುರಗಳ ಕಡೆಗೆ ಮೀಟರ್‌ಗೇಜ್ ಗಾಡಿಗಳು ಕೂಗುತ್ತ ಹೋಗುತ್ತಿದ್ದವು. ಹತ್ತಿ ಬಂತೆಂದರೆ ಜಿನ್ನುಗಳ ಮುಂದೆ ಚಕ್ಕಡಿಗಳ ಸಾಲು. ಬೆಟಗೇರಿಯ ಓಣಿಗಳಲ್ಲಿ ಮಗ್ಗದ ಸದ್ದು, ಗದಗಿನ ಓಣಿಗಳಲ್ಲಿ ಛಾಪಖಾನೆಯ ಸದ್ದು. ಮುದ್ರಣ ಕಾಶಿ ಎಂದು ನಮ್ಮೂರಿಗೆ ಸುಮ್ಮನೆ ಹೆಸರು ಬಂದದ್ದಲ್ಲ. ಆ ಛಾಪಖಾನೆಗಳಲ್ಲಿ ಕತ್ತರಿಸಿ ಉಳಿದ ಕಾಗದದ ಪಟ್ಟಿಗಳನ್ನು ತೂಕದ ಮೇಲೆ ಕೊಂಡು ತಂದು, ದಬ್ಬಣದಿಂದ ಹೊಲಿದು, ಕಚ್ಚಾ ವಹಿ ಮಾಡಿಕೊಳ್ಳುತ್ತಿದ್ದೆವು. ಒಂದೊಂದು ಹಾಳೆ ಒಂದೊಂದು ಬಣ್ಣ. ಕೆಲವುದರ ಹಿಂದೆ ಅರ್ಧ ಛಾಪಾದ ಲಗ್ನಪತ್ರಿಕೆಯೂ ಇರುತ್ತಿತ್ತು.

ಇಬ್ಬರು ಗಣಿತದ ಮಾಸ್ತರರ ವ್ಯತ್ಯಾಸ ತಿಳಿಯಲು ಈ ಕಚ್ಚಾ ವಹಿಯೊಂದೇ ಸಾಕು. ಫೂಟಪಟ್ಟಿ ಸರ್ ತರಗತಿಯಲ್ಲಿ ಅದನ್ನು ಹೊರಗೆ ತೆಗೆಯುವಂತಿರಲಿಲ್ಲ. “ಕಚ್ಚಾ ತಲಿಯೊಳಗ ಮಾಡ್ರಿ, ವಹಿಯೊಳಗ ಪಕ್ಕಾ ಬರೀರಿ” ಎನ್ನುವವರು. ಖಡು ಸರ್ ತರಗತಿಯಲ್ಲಿ ಪಕ್ಕಾ ವಹಿಗೆ ಕೆಲಸವೇ ಇಲ್ಲ. ಅವರೇ ನಮ್ಮ ಕಚ್ಚಾ ವಹಿಯಿಂದ ಹಾಳೆ ಹರಿದುಕೊಂಡು, ಮೊಣಕಾಲ ಮೇಲಿಟ್ಟು ಲೆಕ್ಕ ಬಿಡಿಸುತ್ತ ಕುಳಿತುಬಿಡುತ್ತಿದ್ದರು.

ಫೂಟಪಟ್ಟಿ ಸರ್ ಧೋತರ, ಮುಚ್ಚುಕಾಲರಿನ ಕೋಟು, ಕರಿ ಟೊಪ್ಪಿಗೆಯ ಮನುಷ್ಯ. ಒಳಗೆ ಬಂದವರೇ ಹಲಗೆಯ ಮೇಲೆ ಎರಡು ಉದ್ದಗೆರೆ ಎಳೆದು ಅದನ್ನು ಮೂರು ಭಾಗ ಮಾಡುವರು. ಎಡಕ್ಕೆ ಆಕೃತಿ, ನಡುವೆ ಸಾಧನೆ, ಬಲಕ್ಕೆ ಕಾರಣ. ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ನಾಲ್ಕು ಮಾತುಗಳು ಅವರ ಬಾಯಿಂದ ಬಂದರೆ ಪೂಜೆಯ ಕ್ರಮವನ್ನು ಕೇಳಿದಂತಿರುತ್ತಿತ್ತು. ಕೈವಾರವಿಲ್ಲದೆ ವೃತ್ತ ಎಳೆಯುತ್ತಿದ್ದರು, ಆರಂಭದ ಬಿಂದುವಿಗೇ ಬಂದು ಖಡು ನಿಲ್ಲುತ್ತಿತ್ತು. ನಗುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಒಬ್ಬರಿಗೂ ಏಟು ಹಾಕಿದ್ದನ್ನು ನಾನು ಕಂಡಿಲ್ಲ. ಆದರೂ ಅವರೆಂದರೆ ಭಯ. ಅಷ್ಟು ತಪ್ಪಿಲ್ಲದ ಮನುಷ್ಯನ ಎದುರು ಹುಡುಗರಿಗೆ ತಮ್ಮ ಅಂಗಿಯ ಗುಂಡಿ ಹೋದದ್ದು ಕೂಡ ನೆನಪಾಗುತ್ತದೆ.

ಖಡು ಸರ್ ಬರುವಾಗಲೇ ತೋಳಿಗೆ, ಬೆನ್ನಿಗೆ, ಒಮ್ಮೊಮ್ಮೆ ಹುಬ್ಬಿಗೂ ಖಡುವಿನ ಬಿಳಿ. ಹಿಂದಿನ ತಾಸಿನ ಇಂಗ್ಲಿಷ್ ವ್ಯಾಕರಣವನ್ನು ಅಳಿಸದೆ ಅದರ ಮೇಲೆಯೇ ತ್ರಿಭುಜ ಎಳೆಯುವರು. ನಡುವೆ ಎಲ್ಲೋ ದಾರಿ ತಪ್ಪುವರು. ತಪ್ಪಿದ್ದು ಅವರಿಗೆ ಗೊತ್ತಾಗುತ್ತಿದ್ದ ರೀತಿಯೇ ಒಂದು ಚಂದ. ಹಲಗೆಯಿಂದ ನಾಲ್ಕು ಹೆಜ್ಜೆ ಹಿಂದೆ ಬಂದು, ನಮ್ಮ ಮೊದಲ ಬೆಂಚಿಗೆ ಒರಗಿ, “ಎಲ್ಲೋ ಮೋಸ ಆಗೇದಲೇ, ಹುಡುಕ್ರಿ” ಎನ್ನುವರು. ಐವತ್ತು ಜನ ಹುಡುಕುತ್ತಿದ್ದೆವು. ಸಿಕ್ಕವನಿಗೆ ಹಲಗೆ, ಅವರಿಗೆ ಅವನ ಜಾಗ.

ಹತ್ತನೆಯ ಇಯತ್ತೆಯಲ್ಲಿ ಪೈಥಾಗೊರಸನ ವಿಲೋಮ ಪ್ರಮೇಯ ಬಂದ ದಿನ ಅವರು ನಮ್ಮನ್ನು ಹೊರಗೆ ಕರೆದುಕೊಂಡು ಹೋದರು. ಶಾಲೆಯ ಹಿಂದೆ ಯಾರದೋ ಮನೆಗೆ ಪಾಯ ತೆಗೆಯುತ್ತಿದ್ದರು. ಗೌಂಡಿ ದಾರ ಹಿಡಿದು ಒಂದು ಬದಿಗೆ ಮೂರು ಫೂಟು, ಇನ್ನೊಂದು ಬದಿಗೆ ನಾಲ್ಕು ಫೂಟು ಗುರುತು ಮಾಡಿ, ಅಡ್ಡಕ್ಕೆ ಐದು ಬರುವವರೆಗೆ ಗೂಟ ಸರಿಸುತ್ತಿದ್ದ. “ಯಾಕ ಹಿಂಗ ಮಾಡ್ತೀಯಪಾ?” ಎಂದು ಸರ್ ಕೇಳಿದರು. “ಇಲ್ಲಾಂದ್ರ ಮೂಲಿ ಕೂಡೂದಿಲ್ರಿ” ಎಂದ ಆತ. ಅಷ್ಟೇ ಪಾಠ. ಬದಿಗಳ ವರ್ಗಗಳು ಕೂಡಿ ಬಂದರೆ ಕೋನ ಲಂಬವಾಗಲೇಬೇಕು ಎಂಬ ಮಾತನ್ನು ನಮಗೆ ಹೇಳಿಕೊಟ್ಟವನು ಆ ಗೌಂಡಿ. ಸರ್ ಅವನ ಜೊತೆ ಚಹಾ ಕುಡಿಯುತ್ತ ನಿಂತಿದ್ದರು, ಮುಂದಿನ ತಾಸಿನ ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ.

ಇಬ್ಬರಲ್ಲಿ ಯಾರು ಹೆಚ್ಚು ಎಂಬ ಜಗಳ ನಮ್ಮ ವಾಟ್ಸಾಪ್ ಗುಂಪಿನಲ್ಲಿ ವರ್ಷಕ್ಕೊಮ್ಮೆ, ಸೆಪ್ಟೆಂಬರ್ 5ರ ಸುತ್ತಮುತ್ತ, ತಪ್ಪದೆ ಏಳುತ್ತದೆ. ಲೆಕ್ಕಪತ್ರದ ಕೆಲಸಕ್ಕೆ ಹೋದವರು, ಬ್ಯಾಂಕಿನವರು, ವಿಮೆಯವರು ಫೂಟಪಟ್ಟಿ ಸರ್ ಕಡೆ. ಹುಬ್ಬಳ್ಳಿಯಲ್ಲಿ ಗ್ಯಾರೇಜ್ ಇಟ್ಟವನು, ಬೀಜದ ವ್ಯಾಪಾರಕ್ಕಿಳಿದವನು, ನಾಟಕ ಕಂಪನಿ ಸೇರಿ ಹಾಳಾದೆನೆಂದು ತಾನೇ ಹೇಳಿಕೊಂಡು ಖುಷಿಪಡುವವನು ಖಡು ಸರ್ ಕಡೆ. ನನಗನ್ನಿಸುವುದು, ಇವರು ಮಾಸ್ತರರ ಬಗ್ಗೆ ಹೇಳುತ್ತಿಲ್ಲ, ತಮ್ಮ ಬಗ್ಗೆಯೇ ಹೇಳಿಕೊಳ್ಳುತ್ತಿದ್ದಾರೆ. ಯಾರ ತರಗತಿಯಲ್ಲಿ ತಮ್ಮ ಸ್ವಭಾವಕ್ಕೆ ಜಾಗ ಸಿಕ್ಕಿತೋ ಅವರೇ ದೊಡ್ಡ ಮಾಸ್ತರು.

ಮುಂದೆ ನಾನು ಧಾರವಾಡದಲ್ಲಿ ಬಿ.ಎಡ್. ಓದುವಾಗ ಶಿಕ್ಷಣ ಮನಃಶಾಸ್ತ್ರದ ತಾಸಿನಲ್ಲಿ ಒಂದು ಪ್ರಯೋಗದ ಬಗ್ಗೆ ಕೇಳಿದೆ. ಅಮೆರಿಕದಲ್ಲಿ ಕರ್ಟ್ ಲೆವಿನ್, ಲಿಪ್ಪಿಟ್, ವೈಟ್ ಎಂಬವರು ಸೇರಿ ಮಾಡಿದ್ದು, 1939ರಲ್ಲಿ ಪ್ರಕಟವಾದದ್ದು. ಸಣ್ಣ ಹುಡುಗರ ಗುಂಪುಗಳಿಗೆ ಕೈಕೆಲಸ ಕೊಟ್ಟು, ಒಂದು ಕಡೆ ಹುಕುಂ ಮಾಡುವ ಮುಂದಾಳು, ಇನ್ನೊಂದು ಕಡೆ ಕೂಡಿ ಮಾಡುವ ಮುಂದಾಳು, ಮತ್ತೊಂದು ಕಡೆ ಏನೂ ಹೇಳದೆ ಸುಮ್ಮನಿರುವ ಮುಂದಾಳು, ಹೀಗೆ ಇಟ್ಟು ನೋಡಿದರಂತೆ. ಹುಕುಂ ಮಾಡುವವನು ಕೋಣೆಯಿಂದ ಹೊರಗೆ ಹೋದರೆ ಅಲ್ಲಿ ಕೆಲಸ ಸಡಿಲಾಗುತ್ತಿತ್ತು. ಕೂಡಿ ಮಾಡುವವನು ಹೊರಗೆ ಹೋದರೂ ಕೆಲಸ ಸಾಗುತ್ತಿತ್ತು. ನನಗೆ ತಕ್ಷಣ ಫೂಟಪಟ್ಟಿ ಸರ್ ನೆನಪಾದರು. ಅವರನ್ನು ಯಾವ ಖಾನೆಗೆ ಹಾಕುವುದು? ಮಾತಿಗೆ ಎರಡು ಮಾತಿಲ್ಲದ ಮನುಷ್ಯ. ಆದರೆ ಅವರು ಹೆಡ್ಮಾಸ್ತರರ ಕೋಣೆಗೆ ಹೋಗಿ ಅರ್ಧ ತಾಸು ಬರದಿದ್ದರೂ ನಮ್ಮ ಪೆನ್ನು ನಿಲ್ಲುತ್ತಿರಲಿಲ್ಲ. ಅವರ ಕಟ್ಟುನಿಟ್ಟು ಮೊದಲು ಅವರನ್ನೇ ಕಟ್ಟಿತ್ತು. ನಮ್ಮ ವಹಿಗಳನ್ನು ಮನೆಗೆ ಒಯ್ದರೆ ಮರುದಿನವೇ ಕೆಂಪು ಶಾಯಿಯಲ್ಲಿ ತಿದ್ದಿ ತರುತ್ತಿದ್ದರು, ಒಂದು ದಿನವೂ “ಆಗಲಿಲ್ಲ” ಎಂದವರಲ್ಲ. ಹುಕುಂ ಬೇರೆ, ನೇಮ ಬೇರೆ. ಆ ಪ್ರಯೋಗದವರಿಗೆ ಇಂಥ ಧೋತರದ ಮುಂದಾಳು ಸಿಕ್ಕಿರಲಿಕ್ಕಿಲ್ಲ.

ಭೂಗೋಳದ ಸರ್ರನ್ನು ಮೌನೇಶ ಎನ್ನುತ್ತಿದ್ದೆವು. ತಿಂಥಣಿಯ ಮೌನೇಶ್ವರನಿಗೆ ನಡೆದುಕೊಳ್ಳುವ ಮನೆಯ ಹುಡುಗರಿಗೆ ಇದು ಸರಿಬರುತ್ತಿರಲಿಲ್ಲ, ಆದರೂ ಅವರೂ ಹಾಗೇ ಕರೆಯುತ್ತಿದ್ದರು. ಸರ್ರ ದನಿ ಮೂರನೆಯ ಬೆಂಚು ದಾಟುತ್ತಿರಲಿಲ್ಲ. ಅದಕ್ಕೇ ಏನೋ, ಶಾಲೆಯಲ್ಲೆಲ್ಲ ಸದ್ದಿಲ್ಲದ ತರಗತಿ ಅವರದೇ. ಕೇಳಬೇಕಾದರೆ ನಾವು ಸುಮ್ಮನಿರಬೇಕಿತ್ತು. ಬೇಸಿಗೆಯಲ್ಲಿ ಒಂದು ದಿನ ಎರೆಹೊಲದ ಹೆಂಟೆಯೊಂದನ್ನು ಗಾಜಿನ ಲೋಟದಲ್ಲಿಟ್ಟು ನೀರು ಹನಿಸುತ್ತ ಹೋದರು, ಮಾತಿಲ್ಲ. ಒಣ ಹೆಂಟೆ ನೀರು ಕುಡಿಯುತ್ತ ಮೆತ್ತಗಾಗಿ, ಉಬ್ಬಿ, ಲೋಟದ ಬದಿಗಳಿಗೆ ಒತ್ತಿಕೊಂಡಿತು. ಆಮೇಲೆ ಅಂದರು: “ಕುಡದ್ರ ಉಬ್ಬತೈತಿ, ಒಣಗಿದ್ರ ಬಿರೀತೈತಿ. ನಿಮ್ಮ ಹೊಲದಾಗಿನ ಬಿರುಕು ಇದ.” ಅವರ ಪಾಠದಲ್ಲಿ ಅದೇ ದೊಡ್ಡ ಭಾಷಣ.

ಇನ್ನೊಂದು ದಿನ ಎರಡು ಹತ್ತಿ ಕಾಯಿ ತಂದರು. ಒಂದು ನಮ್ಮ ಹೊಲಗಳ ಜಯಧರ. ಇನ್ನೊಂದು ವರಲಕ್ಷ್ಮಿ, ಧಾರವಾಡದಲ್ಲಿ ಕಟರಕಿಯವರು ಬೆಳೆಸಿ 1972ರಲ್ಲಿ ಹೊರಬಿಟ್ಟ ಸಂಕರ ತಳಿ. ಎರಡರ ಅರಳೆಯನ್ನೂ ಬೆರಳಿನಿಂದ ಎಳೆದು, ಎಳೆಗಳನ್ನು ಕರಿ ಕಾಗದದ ಮೇಲೆ ಅಕ್ಕಪಕ್ಕ ಇಟ್ಟು, ಬೆಂಚಿನಿಂದ ಬೆಂಚಿಗೆ ಕಳಿಸಿದರು. ಜಯಧರದ ಎಳೆ ಗಿಡ್ಡ, ವರಲಕ್ಷ್ಮಿಯದು ಉದ್ದ. ಬೆಟಗೇರಿಯ ಮಗ್ಗದ ಮನೆಯಿಂದ ಬರುತ್ತಿದ್ದ ಒಬ್ಬ ಹುಡುಗ ಇದ್ದ, ಯಾವ ತರಗತಿಯಲ್ಲೂ ಬಾಯಿ ತೆರೆಯದವನು. ಕಾಗದ ಅವನ ಹತ್ತಿರ ಬಂದಾಗ ಸರ್ ಅಲ್ಲಿಗೇ ಹೋಗಿ ನಿಂತರು. “ನೂಲು ಯಾವುದರಾಗ ಸಣ್ಣ ಬರ್ತದಪಾ?” ಅವನು ಹೇಳಿದ. ಉದ್ದ ಎಳೆಯಿಂದ ಸಣ್ಣ ನೂಲು ಯಾಕೆ ಬರುತ್ತದೆ, ಗಿಡ್ಡ ಎಳೆಯದು ಯಾಕೆ ಹರಿಯುತ್ತದೆ, ಹುರಿ ಎಷ್ಟು ಬೇಕು ಎಂದೆಲ್ಲ ಹೇಳುತ್ತಲೇ ಹೋದ. ಅವನಿಗೆ ಅಷ್ಟು ಮಾತು ಬರುತ್ತದೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಮೌನೇಶರಿಗೆ ಗೊತ್ತಿತ್ತು. ಮಾತಾಡದವರು ಮಾತಾಡದವರನ್ನು ಬೇಗ ಗುರುತಿಸುತ್ತಾರೆ.

ಒಮ್ಮೆ ತಪಾಸಣೆಗೆ ಬಂದ ಸಾಹೇಬರೊಬ್ಬರು ಅವರಿಗೆ ದನಿ ಏರಿಸಬೇಕು, ಪ್ರಶ್ನೆ ಕೇಳಬೇಕು, ತರಗತಿಯಲ್ಲಿ ಚೈತನ್ಯ ತರಬೇಕು ಎಂದು ಹೇಳಿ ಹೋದರು. ಮರುದಿನ ಸರ್ ಒಳಗೆ ಬಂದವರೇ “ಮಾನ್ಸೂನ್ ಅಂದರೇನು!” ಎಂದು ಕೂಗಿದರು. ಅವರ ದನಿಗೆ ಅವರೇ ಬೆಚ್ಚಿದರು. ನಾವು ನಕ್ಕೆವು. ವಾರ ತುಂಬುವುದರೊಳಗೆ ಆ ಕೂಗು ನಿಂತು ಹಳೆಯ ಪಿಸುಮಾತು ಮರಳಿತು, ನಮಗೂ ಹಾಯೆನಿಸಿತು. ಕಲಿಸುವ ರೀತಿಯನ್ನು ಅಂಗಿಯ ಹಾಗೆ ತೊಡಿಸಿ ಕಳಿಸಬಹುದೆಂದು ನಂಬುವ ಸಾಹೇಬರು ಈಗಲೂ ಇದ್ದಾರೆ. ನಾನೇ ಕಂಡಿದ್ದೇನೆ.

ಕನ್ನಡ ಸರ್ ಮೌನೇಶರಿಗೆ ಪೂರಾ ವಿರುದ್ಧ. ಅವರು ಬರುವುದು ಎರಡು ಕೋಣೆ ಆಚೆಯೇ ತಿಳಿಯುತ್ತಿತ್ತು. ಕುಮಾರವ್ಯಾಸ ಕೂತು ಬರೆದನೆಂದು ಹೇಳುವ ಕಂಬ ನಮ್ಮೂರಿನ ವೀರನಾರಾಯಣ ಗುಡಿಯಲ್ಲೇ ಇರುವಾಗ ನಾಲ್ಕು ಗೋಡೆಯ ನಡುವೆ ಗದುಗಿನ ಭಾರತ ಓದುವುದು ಅವರಿಗೆ ಪಾಪವೆನಿಸುತ್ತಿತ್ತು. ಭಾಮಿನಿ ಷಟ್ಪದಿಯ ಲಕ್ಷಣವನ್ನು ಅವರು ಬಾಯಿಪಾಠ ಮಾಡಿಸಲಿಲ್ಲ. ಗುಡಿಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಮೂರು ಹೆಜ್ಜೆ, ನಾಲ್ಕು ಹೆಜ್ಜೆ, ಮತ್ತೆ ಮೂರು, ಮತ್ತೆ ನಾಲ್ಕು ಎಂದು ನಡೆಸಿದರು. ಮೂರನೆಯ ಮತ್ತು ಆರನೆಯ ಸಾಲು ಬಂದಾಗ ಹೆಜ್ಜೆ ಉದ್ದವಾಗಿ ಹೋಗಿ ಕೊನೆಯ ಗುರುವಿನ ಮೇಲೆ ಕಾಲೂರಿ ನಿಲ್ಲಬೇಕು. ಪ್ರದಕ್ಷಿಣೆಗೆ ಬಂದ ಅಜ್ಜಿಯೊಬ್ಬಳು ನಮ್ಮ ಹಿಂದೆಯೇ ತಾಳ ಹಿಡಿದು ನಡೆದಳು. ಇವತ್ತಿಗೂ ನಡುರಾತ್ರಿ ಎಬ್ಬಿಸಿ ಕೇಳಿದರೂ ನಾನು ಆ ಷಟ್ಪದಿಗೆ ಪ್ರಸ್ತಾರ ಹಾಕಬಲ್ಲೆ, ಕಾಲಿನಿಂದ.

ಅವರ ಪೋರ್ಷನ್ ಮುಗಿಯುತ್ತಿರಲಿಲ್ಲ. ಕರ್ಣನ ಮೇಲೆ ಸೆಪ್ಟೆಂಬರ್ ಪೂರ್ತಿ ಹೋಯಿತು, ವ್ಯಾಕರಣಕ್ಕೆ ಜನವರಿಯಲ್ಲಿ ಬೆಳಗಿನ ಹೆಚ್ಚಿನ ತಾಸು. ಅವರನ್ನು ಈಗಲೂ ನೆನೆಸಿಕೊಂಡು ಕಣ್ಣೀರು ತೆಗೆಯುವವರಿದ್ದಾರೆ, ನಾನೂ ಅವರ ಅಭಿಮಾನಿಯೇ. ಆದರೂ ಒಂದು ಮಾತು ಹೇಳಬೇಕು. ಅವರಿಗೆ ಚಪ್ಪಾಳೆ ಬೇಕಿತ್ತು. ಹಾಡಲು ಬರುವ, ನಟಿಸಲು ಬರುವ ನಾಲ್ಕೈದು ಮಂದಿ ಅವರ ತರಗತಿಯಲ್ಲಿ ಬೆಳೆದರು, ಉಳಿದವರು ಪ್ರೇಕ್ಷಕರಾದರು. ಬೆಟಗೇರಿಯ ಹುಡುಗನ ಹೆಸರು ಅವರಿಗೆ ಮೂರು ವರ್ಷದಲ್ಲಿ ತಿಳಿಯಲಿಲ್ಲ. ಅವರು ಕೆಟ್ಟವರೆಂದಲ್ಲ. ತುಂಬಿ ಹರಿಯುವ ಮನುಷ್ಯನಿಗೆ ಎದುರಿನವರ ಮೌನ ಒಪ್ಪಿಗೆಯಾಗಿಯೇ ಕೇಳಿಸುತ್ತದೆ.

ಸಂಜೆ ನಮ್ಮನ್ನು ವೀರೇಶ್ವರ ಪುಣ್ಯಾಶ್ರಮಕ್ಕೆ ಅಟ್ಟುತ್ತಿದ್ದವರೂ ಅವರೇ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಟ್ಟಿ, 1944ರಲ್ಲಿ ಅವರು ತೀರಿಕೊಂಡ ಮೇಲೆ ಕಣ್ಣಿಲ್ಲದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ನಡೆಸುತ್ತಿದ್ದ ಆಶ್ರಮ. ನಾವು ಹೋಗುತ್ತಿದ್ದುದು ಅರ್ಧ ಸಂಗೀತಕ್ಕೆ, ಅರ್ಧ ಪ್ರಸಾದಕ್ಕೆ. ಅಲ್ಲಿ ನನಗೆ ಅಚ್ಚರಿ ತಂದದ್ದು ಪಾಠದ ರೀತಿ. ಹಲಗೆ ಇಲ್ಲ, ಪುಸ್ತಕ ಇಲ್ಲ. ಹಿರಿಯ ವಿದ್ಯಾರ್ಥಿಯೊಬ್ಬ ಒಂದು ಸ್ವರಗುಚ್ಛ ಹಾಡುವನು, ಚಿಕ್ಕವನು ಹಿಂದೆ ಹಾಡುವನು, ಅದು ಕೂಡುವವರೆಗೆ ಮುಂದಿನದಿಲ್ಲ. ಒಂದು ಮೂಲೆಯಲ್ಲಿ ಹಾರ್ಮೋನಿಯಂ, ಇನ್ನೊಂದರಲ್ಲಿ ತಬಲಾ, ಮತ್ತೊಂದರಲ್ಲಿ ಪಿಟೀಲು, ಎಲ್ಲ ಒಟ್ಟಿಗೇ. ಆ ಗದ್ದಲದಲ್ಲಿ ಪ್ರತಿಯೊಬ್ಬನಿಗೂ ತನ್ನ ಗುರುವಿನ ದನಿ ಮಾತ್ರ ಕೇಳುತ್ತಿತ್ತು. ಕರ್ನಾಟಕ ಸಂಗೀತ ಕಲಿತು, ಮತ್ತೆ ಹಿಂದುಸ್ತಾನಿಯನ್ನೂ ಕಲಿತ ಗುರು ಹಾಕಿದ ನೆಲೆ ಅದು. ಬಸವರಾಜ ರಾಜಗುರು ಅಂಥವರು ಪಂಚಾಕ್ಷರಿ ಗವಾಯಿಗಳ ಕೈಯಲ್ಲೇ ತಯಾರಾದವರು. ನಮ್ಮ ಹೈಸ್ಕೂಲಿನಲ್ಲಿ ಐವತ್ತು ಮಂದಿಗೆ ಒಬ್ಬ ಮಾಸ್ತರು, ಅವರ ಸ್ವಭಾವಕ್ಕೆ ನಾವು ಹೊಂದಿಕೊಳ್ಳಬೇಕು. ಅಲ್ಲಿ ಒಬ್ಬನಿಗೆ ಒಬ್ಬ.

ವಿಜ್ಞಾನದ ಅಕ್ಕೋರನ್ನು ಕೊನೆಗೆ ಇಟ್ಟಿದ್ದೇನೆ. ಸಂಶಯವೇ ಅವರ ಸ್ವಭಾವ. ನೀವು ಏನೇ ಹೇಳಿ, ಅವರ ಮೊದಲ ಮಾತು “ನೀ ನೋಡೀಯೇನು?” ಹಾವು ಪುಂಗಿಗೆ ಕುಣಿಯುತ್ತದೆ ಎಂದರೆ “ನೀ ನೋಡೀಯೇನು? ಪುಂಗಿ ನಿಲ್ಲಿಸಿ ಕೈ ಆಡಿಸಿದಾಗ ನೋಡೀಯೇನು?” ಪುಸ್ತಕದಲ್ಲಿದೆ ಎಂದರೂ ಬಿಡುತ್ತಿರಲಿಲ್ಲ. “ಪುಸ್ತಕ ಬರದವರು ನೋಡ್ಯಾರು. ನೀನು?” ಹೀಗೆಂದ ಮಾತ್ರಕ್ಕೆ ಅವರು ಕ್ರಾಂತಿಕಾರಿಯಲ್ಲ. ಸೋಮವಾರ ಒಪ್ಪತ್ತು, ಹಣೆಗೆ ದೊಡ್ಡ ಕುಂಕುಮ, ಶ್ರಾವಣದಲ್ಲಿ ದಿನಾ ಗುಡಿ. ನಮ್ಮ ಮನೆಯ ನಂಬಿಕೆಗಳನ್ನು ಅವರು ಒಮ್ಮೆಯೂ ಗೇಲಿ ಮಾಡಲಿಲ್ಲ. ಕೇಳುತ್ತಿದ್ದರು ಮಾತ್ರ. ಅದು ಗೇಲಿಗಿಂತ ಕಷ್ಟ.

1980ರ ಫೆಬ್ರವರಿ 16, ಶನಿವಾರ, ಖಗ್ರಾಸ ಸೂರ್ಯಗ್ರಹಣ. ಚಂದ್ರನ ನೆರಳು ಅಂಕೋಲೆಯ ಕಡೆಯಿಂದ ಒಳಬಂದು ಹುಬ್ಬಳ್ಳಿ, ಗದಗು, ರಾಯಚೂರುಗಳ ಮೇಲೆ ಹಾಯ್ದು ಹೋಗುವುದಿತ್ತು. ಈ ಪಟ್ಟಿಯುದ್ದಕ್ಕೂ ದೇಶವಿದೇಶದ ವಿಜ್ಞಾನಿಗಳು ಡೇರೆ ಹಾಕಿದ್ದರು. ಅವರು ಸಾವಿರಾರು ಮೈಲಿ ದಾಟಿ ನೋಡಲು ಬಂದದ್ದನ್ನು ನಮ್ಮೂರಿನವರು ಬಾಗಿಲು ಹಾಕಿಕೊಂಡು ತಪ್ಪಿಸಿಕೊಳ್ಳುವ ತಯಾರಿಯಲ್ಲಿದ್ದರು. ಬಸುರಿಯರು ಹೊರಬರಬಾರದು, ಉಣ್ಣಬಾರದು, ನೀರಿಗೆ ಗರಿಕೆ ಹಾಕಿಡಬೇಕು. ಕಣ್ಣು ಹೋಗುತ್ತದೆ ಎಂದು ಪತ್ರಿಕೆಗಳೂ ಹೆದರಿಸಿದ್ದವು.

ಅಕ್ಕೋರು ತಿಂಗಳ ಮೊದಲೇ ಶುರು ಮಾಡಿದ್ದರು. ಲಗ್ನಪತ್ರಿಕೆಯ ದಪ್ಪ ಕಾಗದಕ್ಕೆ ಗುಂಡುಸೂಜಿಯಿಂದ ತೂತು ಹಾಕಿಸಿ, ಬಿಸಿಲಿಗೆ ಹಿಡಿಸಿ, ನೆಲದ ಮೇಲೆ ಬೀಳುವ ಸಣ್ಣ ಬೆಳಕಿನ ಬಿಲ್ಲೆ ಸೂರ್ಯನದೇ ಚಿತ್ರ ಎಂದು ತೋರಿಸಿದರು. “ಆ ದಿನ ಇದು ಕಚ್ಚಿದ ಭಕ್ರಿ ಆಗ್ತದ. ನನ್ನ ಮಾತು ನಂಬಬ್ಯಾಡ್ರಿ, ಬಂದು ನೋಡ್ರಿ.” ಮಸಿ ಹಿಡಿದ ಗಾಜು ಬೇಡ, ನೇರ ನೋಡುವುದು ಬೇಡವೇ ಬೇಡ, ಪೂರಾ ಮುಚ್ಚಿದಾಗ ಮಾತ್ರ ನಾನು ಹೇಳಿದರೆ ತಲೆ ಎತ್ತಬೇಕು ಎಂದು ಎಷ್ಟು ಸಲ ಹೇಳಿಸಿಕೊಂಡೆವೋ. ಪಿ.ಟಿ. ಸರ್ ಸೈಕಲ್ ಮೇಲೆ ಮನೆಮನೆಗೆ ಹೋಗಿ ತಂದೆತಾಯಿಯರ ಒಪ್ಪಿಗೆ ಕೇಳಿ ಬಂದರು. ಬಂದವರು ಹನ್ನೆರಡೋ ಹದಿನೈದೋ ಹುಡುಗರು, ಇಬ್ಬರು ಹುಡುಗಿಯರು. ಬಜಾರ ಬಂದ್. ಮಿರ್ಚಿ-ಗಿರಮಿಟ್ಟಿನ ಅಂಗಡಿಗಳ ಒಲೆ ಕೂಡ ಹಗಲಲ್ಲೇ ಆರಿದ್ದವು.

ಅಚ್ಚರಿಯೆಂದರೆ ಮಾಸ್ತರರೆಲ್ಲ ಬಂದಿದ್ದರು.

ಫೂಟಪಟ್ಟಿ ಸರ್ ಧಾರವಾಡ ಆಕಾಶವಾಣಿಗೆ ಕೂಡಿಸಿದ ಕೈಗಡಿಯಾರ, ಗೆರೆ ಹಾಕಿದ ವಹಿ ಹಿಡಿದು ಕುರ್ಚಿಯ ಮೇಲೆ ನೆಟ್ಟಗೆ ಕುಳಿತಿದ್ದರು. ಖಡು ಸರ್ ಮನೆಯಿಂದ ಒಂದು ಬಿಳಿ ಧೋತರ ತಂದು ಮೈದಾನದಲ್ಲಿ ಹಾಸಿದರು. ಪೂರ್ತಿ ಮುಚ್ಚುವ ಸ್ವಲ್ಪ ಮೊದಲು ನೆಲದ ಮೇಲೆ ನೆರಳಿನ ಅಲೆಗಳು ಓಡುತ್ತವಂತೆ, ಅದನ್ನು ಹಿಡಿಯಬೇಕೆಂದು. ಕನ್ನಡ ಸರ್ ತಾಯಿಯ ಜೊತೆ ಜಗಳ ಮಾಡಿ ಬಂದವರು. ಸೈಂಧವನ ವಧೆಯ ದಿನ ಕೃಷ್ಣ ಸೂರ್ಯನನ್ನು ಮರೆಮಾಡಿದ ಪ್ರಸಂಗವನ್ನು ಕತ್ತಲಾದ ಕೂಡಲೇ ವಾಚನ ಮಾಡುವೆನೆಂದು ವಾರದಿಂದ ಸಾರಿದ್ದರು. ಮೌನೇಶರು ಎಲ್ಲರಿಗೆ ಬೆನ್ನು ಮಾಡಿ ಕಾಂಪೌಂಡಿನ ಪಡುವಣ ಮೂಲೆಯಲ್ಲಿ ನಿಂತಿದ್ದರು. ಬೆಟಗೇರಿಯ ಹುಡುಗ ಅವರ ಪಕ್ಕದಲ್ಲಿ.

ಎರಡು ಗಂಟೆ ದಾಟಿದ ಮೇಲೆ ಬಿಲ್ಲೆಗೆ ಕಚ್ಚು ಬಿತ್ತು. ಹುಣಸೆ ಮರದ ಕೆಳಗೆ ಎಲೆಗಳ ಸಂದಿನಿಂದ ಬೀಳುವ ಬೆಳಕಿನ ಚುಕ್ಕೆಗಳೆಲ್ಲ ಸಣ್ಣ ಸಣ್ಣ ಕುಡುಗೋಲುಗಳಾದವು, ನೂರಾರು. ಬಿಸಿಲಿನ ಬಣ್ಣ ಕೆಟ್ಟಿತು. ಗಾಳಿ ತಣ್ಣಗಾಯಿತು. ಕಾಗೆಗಳು ಕೂಗುತ್ತ ಮರಕ್ಕೆ ಬಂದವು. ಮೂರೂವರೆ ದಾಟಿತ್ತು. ಮೌನೇಶರು ಆ ದಿನದ ಒಂದೇ ಮಾತನ್ನಾಡಿದರು: “ಬಂತು.” ಹುಬ್ಬಳ್ಳಿಯ ಕಡೆಯ ಬಯಲಿನ ಮೇಲಿಂದ ಕತ್ತಲೆಯೇ ನಡೆದು ಬರುತ್ತಿತ್ತು. ಅವರ ಕಡೆ ನೋಡಿದವರಷ್ಟೇ ಅದನ್ನು ಕಂಡರು, ನಾನು ಕಂಡೆ. ಅಷ್ಟರಲ್ಲಿ ಅಕ್ಕೋರ ದನಿ: “ಈಗ! ನೋಡ್ರಿ!”

ಕರಿ ಬಿಲ್ಲೆ, ಸುತ್ತ ಎಲ್ಲ ದಿಕ್ಕಿಗೂ ಚಾಚಿದ ಬೆಳ್ಳಿಯ ಕಿರೀಟ. ಸೂರ್ಯನ ಚಟುವಟಿಕೆ ಉಚ್ಚಕ್ಕೇರಿದ ಕಾಲವಾದ್ದರಿಂದ ಅದು ಅಷ್ಟು ದುಂಡಗೆ ಹರಡಿತ್ತೆಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಮೇಲೆ ಶುಕ್ರ ಬೆಳಗುತ್ತಿತ್ತು. ಎರಡು ನಿಮಿಷ, ಅದರ ಮೇಲೆ ಕೆಲವು ಕ್ಷಣ. ಖಡು ಸರ್ ತಮ್ಮ ಧೋತರವನ್ನು ತಾವೇ ತುಳಿಯುತ್ತ “ನೋಡ್ರಲೇ! ನೋಡ್ರಲೇ!” ಎಂದು ಸುತ್ತ ಓಡಾಡಿದರು, ನೆರಳಿನ ಅಲೆಗಳನ್ನು ಮರೆತೇಬಿಟ್ಟರು. ಕನ್ನಡ ಸರ್ ಬಾಯಿ ತೆರೆದದ್ದು ತೆರೆದೇ ಇತ್ತು, ಒಂದು ಸ್ವರ ಹೊರಡಲಿಲ್ಲ. ಮೂರು ವರ್ಷದಲ್ಲಿ ಅವರು ಸುಮ್ಮನಿದ್ದುದನ್ನು ಕಂಡದ್ದು ಅದೊಂದೇ ಸಲ. ಅಕ್ಕೋರು ಆಕಾಶ ನೋಡಿದ್ದು ಅರ್ಧ ನಿಮಿಷ ಇರಬೇಕು, ಉಳಿದಂತೆ ನಮ್ಮ ತಲೆಗಳನ್ನೇ ಎಣಿಸುತ್ತಿದ್ದರು. ಬಲಕ್ಕೆ ಅಂಚಿನಲ್ಲಿ ವಜ್ರದಂತೆ ಬೆಳಕು ಸಿಡಿಯುವ ಮೊದಲೇ “ಸಾಕು, ತಲಿ ಕೆಳಗ!” ಎಂದು ಕಿರುಚಿದರು. ಯಾರ ಕಣ್ಣಿಗೂ ಏನೂ ಆಗಲಿಲ್ಲ.

“ನೋಡಿದ್ರ್ಯಾ ಸರ್ರ?” ಎಂದು ಫೂಟಪಟ್ಟಿ ಸರ್ರನ್ನು ಯಾರೋ ಕೇಳಿದರು. ಅವರು ವಹಿ ಮುಚ್ಚುತ್ತ “ಎಣಿಸೀನಿ” ಎಂದರು. ಆಗ ನಮಗೆ ಅಯ್ಯೋ ಅನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಅವರ ಮುಖದಲ್ಲಿ ಇದ್ದ ತೃಪ್ತಿ ನಮ್ಮೆಲ್ಲರದಕ್ಕಿಂತ ಕಡಿಮೆಯದೇನೂ ಆಗಿರಲಿಲ್ಲ. ಮುಂದಿನ ವಾರ ಪ್ರತಿಯೊಬ್ಬರೂ ಅದೇ ಗ್ರಹಣದ ಮೇಲೆ ಪಾಠ ಮಾಡಿದರು. ಒಬ್ಬರು ಸೆಕೆಂಡುಗಳಿಂದ ನೆರಳಿನ ವೇಗ ತೆಗೆಸಿದರು, ಒಬ್ಬರು ನಕಾಶೆಯ ಮೇಲೆ ನೆರಳಿನ ಪಟ್ಟಿ ಎಳೆಸಿದರು, ಒಬ್ಬರು ಕೊನೆಗೂ ಸೈಂಧವನನ್ನು ಕೊಂದರು. ಗ್ರಹಣ ಮುಗಿದ ಮೇಲೆ ಅಕ್ಕೋರು ಮನೆಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡರೆಂದು ಹುಡುಗಿಯರಿಂದ ತಿಳಿದು, ಧೈರ್ಯ ಮಾಡಿ ಕೇಳಿದೆವು. ಅವರು ಸ್ವಲ್ಪವೂ ಅಳುಕಲಿಲ್ಲ. “ಸ್ನಾನಾ ಮಾಡಿದ್ರ ಮೈ ಹಸನಾಗ್ತದ. ಅದಕ್ಕ ಪುರಾವೆ ಅದ.”

ಬಿ.ಎಡ್.ನಲ್ಲಿ ನಮಗೆ ಅಂತರ್ಮುಖಿ, ಬಹಿರ್ಮುಖಿ ಎಂದು ಯೂಂಗನ ವಿಂಗಡಣೆ ಬಾಯಿಪಾಠ ಮಾಡಿಸಿದರು, ಪಾಠಯೋಜನೆಗೆ ಹರ್ಬಾರ್ಟ್ ಪಂಥದ ಐದು ಮೆಟ್ಟಿಲು ಕೊಟ್ಟರು. ಒಂದೇ ನಮೂನೆಯ ಯೋಜನೆ ಹಿಡಿದು ನಾವೆಲ್ಲ ಅಭ್ಯಾಸ ಪಾಠಕ್ಕೆ ಹೋದರೂ ಒಬ್ಬರ ತಾಸು ಇನ್ನೊಬ್ಬರದರಂತೆ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು ಗೆಳೆಯರ ಪಾಠ ನೋಡುವಾಗ ನಾನು ಮೆಟ್ಟಿಲು ಎಣಿಸುವುದು ಬಿಟ್ಟು ಇವರಲ್ಲಿ ಖಡು ಯಾರು, ಫೂಟಪಟ್ಟಿ ಯಾರು, ಮೌನೇಶ ಯಾರು ಎಂದು ಹುಡುಕುತ್ತಿದ್ದೆ. ಸಿಗುತ್ತಿದ್ದರು. ಅಕ್ಕೋರಂಥವರು ಮಾತ್ರ ಅಪರೂಪ. ತಾನು ನಂಬುವುದನ್ನು ತಾನೇ ಪ್ರಶ್ನಿಸಿಕೊಂಡೂ ನೆಮ್ಮದಿಯಿಂದ ಇರಬಲ್ಲ ಸ್ವಭಾವ ಎಲ್ಲರಿಗೂ ಬರುವುದಿಲ್ಲ, ಅದನ್ನು ತರಗತಿಗೆ ತರುವುದು ಇನ್ನೂ ಕಷ್ಟ.

ಎಸ್ಸೆಸ್ಸೆಲ್ಸಿ ಫಲಿತಾಂಶ ಆಗ ಪತ್ರಿಕೆಯಲ್ಲಿ ನಂಬರುಗಳಾಗಿ ಬರುತ್ತಿತ್ತು. ಸ್ಟೇಷನ್ನಿನ ಹತ್ತಿರ ಸಂಯುಕ್ತ ಕರ್ನಾಟಕದ ಕಟ್ಟು ಬಿಚ್ಚುವ ಹೊತ್ತಿಗೆ ಬೆಟಗೇರಿಯ ಹುಡುಗ ಅಲ್ಲಿದ್ದ. ತನ್ನದು ನೋಡಿಕೊಂಡು, ನನ್ನ ನಂಬರೂ ಇದೆ ಎಂದು ನಮ್ಮ ಓಣಿಯವರೆಗೆ ಓಡಿ ಬಂದು ಕೂಗಿದ. ನಾನು ಪೇಪರಿನ ಮುಖ ಕೂಡ ನೋಡದೆ ಪೇಢೆಯ ಪೊಟ್ಟಣ ಹಿಡಿದು ಶಾಲೆಗೆ ಹೋದೆ. ಖಡು ಸರ್ ಅಪ್ಪಿಕೊಂಡು ನನ್ನ ಹೊಸ ಅಂಗಿಯನ್ನು ಬಿಳಿ ಮಾಡಿದರು. ಫೂಟಪಟ್ಟಿ ಸರ್ ಗಣಿತದಲ್ಲಿ ಎಷ್ಟು ಎಂದು ಕೇಳಿದರು. ಮೌನೇಶರು ಅರ್ಧ ಪೇಢೆ ಮುರಿದುಕೊಂಡು ಉಳಿದರ್ಧ ನನ್ನ ಕೈಗೇ ಇಟ್ಟರು. ಅಕ್ಕೋರು ಪೇಢೆ ಮುಟ್ಟಲಿಲ್ಲ.

“ಪಾಸಾದ್ನಿರಿ ಅಕ್ಕೋರ.”

“ನೀ ನೋಡೀಯೇನು?”

“ಇಲ್ರಿ, ಅಂವ ಹೇಳಿದಾರಿ.”

ಮೇಜಿನ ಮೇಲಿದ್ದ ಪೇಪರನ್ನು ನನ್ನ ಕಡೆ ತಳ್ಳಿದರು. ಹಾಲ್ ಟಿಕೆಟ್ ತೆಗೆ ಎಂದರು. ನಾನು ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತ ಹೋದೆ, ಸಿಕ್ಕಿತು. ಅವರು ಕನ್ನಡಕ ಹಾಕಿಕೊಂಡು ಹಾಲ್ ಟಿಕೆಟಿನ ಅಂಕಿಗಳನ್ನೂ ಪೇಪರಿನ ಅಂಕಿಗಳನ್ನೂ ಒಂದೊಂದಾಗಿ ಕೂಡಿಸಿ ನೋಡಿ, ಪೆನ್ನಿನಿಂದ ಸುತ್ತು ಹಾಕಿ, ಪೊಟ್ಟಣಕ್ಕೆ ಕೈ ಹಾಕಿದರು.

“ಹೌದು, ಪಾಸಾಗೀ. ಈಗ ಎಲ್ಲಾರಿಗೂ ಹೇಳು ಹೋಗು.”